ಲಗ್ನಪತ್ರಿಕೆ ಅಂಗಡಿಗೆ ಯಾವ ಪ್ರೊಸೆಸರ್?

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ ಕೆಲಸ. ವಿಂಡೋಸ್ 7 ಇರುವ ಹಳೆ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ 7, ಕೋರಲ್ ಡ್ರಾ, ನುಡಿ ಇವೆ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ಈಗ ಹೊಸ ಲ್ಯಾಪ್‌ಟಾಪ್ ತಗೋಬೇಕು. ಮಗಳು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಅದರಲ್ಲಿ ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಕೂಡ ಬೇಕು ಅನ್ನುತ್ತಾಳೆ. ಅಂಗಡಿಯವರು ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪ್ ತೋರಿಸಿ ‘ಇದೂ ವಿಂಡೋಸೇ ಅಣ್ಣಾರ’ ಅಂದರು. ಅಳಿಯ ಮ್ಯಾಕ್ ತಗೊಂಡು ಅದರಲ್ಲೇ ವಿಂಡೋಸ್ ಹಾಕಿಕೊಳ್ಳಿ ಅನ್ನುತ್ತಾನೆ. ಇಂಟೆಲ್ ಬಿಟ್ಟು ಬೇರೆ ತಗೊಂಡರೆ ಸಾಫ್ಟ್‌ವೇರ್ ಓಡುತ್ತವೆಯೇ?

ಉತ್ತರ: ಮೊದಲು ಸೀದಾ ಉತ್ತರ ಹೇಳಿಬಿಡುತ್ತೇನೆ, ವಿವರ ಆಮೇಲೆ. ಇಂಟೆಲ್ ಅಥವಾ ಎಎಂಡಿ, ಯಾವುದಾದರೂ ತಗೊಳ್ಳಿ. ಸ್ನಾಪ್‌ಡ್ರಾಗನ್ ಬೇಡ, ಮ್ಯಾಕೂ ಬೇಡ. ಅವು ಕೆಟ್ಟ ಯಂತ್ರಗಳು ಅಂತಲ್ಲ. ಬ್ಯಾಟರಿ ಬಾಳಿಕೆ ನೋಡಿದರೆ ಅವುಗಳದೇ ಮೇಲುಗೈ. ಆದರೆ ನಿಮ್ಮ ದುಡಿಮೆ ನಿಂತಿರುವುದು 2001ರಲ್ಲಿ ಬಂದ ಪೇಜ್‌ಮೇಕರ್ 7 ಮತ್ತು ಅದರ ಜೊತೆಗಿನ ಹಳೆ ಪ್ರಿಂಟರ್ ಮೇಲೆ. ಹೊಸ ಯಂತ್ರ ಏನೇನು ಮಾಡುತ್ತದೆ ಅಂತ ಕೇಳುವ ಮೊದಲು, ನಿಮ್ಮ ಹತ್ತಿರ ಇರುವ ಅತಿ ಹಳೆಯ ಸಾಮಾನು ಯಾವ ಪ್ರೊಸೆಸರ್ ಕೇಳುತ್ತದೆ ಅಂತ ನೋಡಬೇಕು. ನಿಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲೇ.

ಪ್ರತಿ ಪ್ರೊಸೆಸರಿಗೂ ತನಗೆ ತಿಳಿಯುವ ಆದೇಶಗಳ ಒಂದು ಪಟ್ಟಿ ಇರುತ್ತದೆ. ಎರಡು ಸಂಖ್ಯೆ ಕೂಡು, ಇದನ್ನು ಅಲ್ಲಿಡು, ಅಲ್ಲಿಂದ ಎತ್ತು, ಇಂಥವು. ವಿಂಡೋಸ್ ಇರಲಿ, ನುಡಿ ಇರಲಿ, ಕೊನೆಗೆ ಆ ಆದೇಶಗಳ ಸಾಲಾಗಿಯೇ ಡಿಸ್ಕಿನಲ್ಲಿ ಕೂತಿರುತ್ತದೆ. ಇಂಟೆಲ್ 1978ರಲ್ಲಿ ತಂದ 8086 ಚಿಪ್ಪಿನಿಂದ ಬೆಳೆದ ಪಟ್ಟಿಗೆ ಎಕ್ಸ್86 ಅನ್ನುತ್ತಾರೆ. ಮೊಬೈಲುಗಳಲ್ಲಿ, ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪುಗಳಲ್ಲಿ, ಈಗಿನ ಮ್ಯಾಕುಗಳಲ್ಲಿ ಇರುವುದು ಆರ್ಮ್ ಅನ್ನುವ ಬೇರೆಯೇ ಪಟ್ಟಿ. ನಿಮ್ಮೂರಿನವರಿಗೆ ಗೊತ್ತಿರುವ ಹಾಗೆ ಹೇಳಬೇಕೆಂದರೆ, ಒಂದು ಕಾಲಕ್ಕೆ ಸೊಲ್ಲಾಪುರ ಕಡೆಯಿಂದ ಮೀಟರ್ ಗೇಜ್ ಗಾಡಿ ಗದಗಕ್ಕೆ ಬಂದು ನಿಲ್ಲುತ್ತಿತ್ತು. ಹುಬ್ಬಳ್ಳಿಗೆ ಹೋಗುವವರು ಗಂಟುಮೂಟೆ ಇಳಿಸಿಕೊಂಡು ಬ್ರಾಡ್ ಗೇಜ್ ಗಾಡಿ ಹತ್ತಬೇಕಿತ್ತು. ಎಂಜಿನ್ ಎಷ್ಟೇ ಗಟ್ಟಿ ಇದ್ದರೂ ಹಳಿ ಬೇರೆ ಅಂದಮೇಲೆ ಮುಂದೆ ಹೋಗೋದಿಲ್ಲ.

ಇಂಟೆಲ್‌ಗೂ ಎಎಂಡಿಗೂ ಇಂಥ ವ್ಯತ್ಯಾಸ ಇಲ್ಲ. ಇಂಟೆಲ್ ಕಂಪ್ಯೂಟರಿನಲ್ಲಿ ಓಡುವ ಪೇಜ್‌ಮೇಕರ್, ಕೋರಲ್, ಟ್ಯಾಲಿ ಎಎಂಡಿಯಲ್ಲೂ ಅದೇ ಸಿಡಿಯಿಂದ ಇನ್‌ಸ್ಟಾಲ್ ಆಗುತ್ತವೆ. ‘ಎಎಂಡಿ ಬಿಸಿ ಆಗುತ್ತೆ, ಸಾಫ್ಟ್‌ವೇರ್ ಹಿಡಿಯಲ್ಲ’ ಅನ್ನುವ ಮಾತು ಇನ್ನೂ ನಮ್ಮ ಕಡೆ ಓಡಾಡುತ್ತಿದೆ. ನಿಜ ಹೇಳಬೇಕೆಂದರೆ, ಈಗ ಎಲ್ಲರೂ ಬಳಸುವ 64 ಬಿಟ್ ಪಟ್ಟಿಯನ್ನು (ಪ್ರೊಸೆಸರ್ ಒಂದೇ ಸಲಕ್ಕೆ ಎಷ್ಟು ಮಾಹಿತಿ ಹಿಡಿಯುತ್ತದೆ ಅನ್ನುವ ಅಳತೆ ಇದು; 16, 32 ಬಿಟ್ ಹಳೆಯವು) ಮಾಡಿದ್ದೇ ಎಎಂಡಿ. ಇಂಟೆಲ್ ಕಂಪನಿ 2001ರಲ್ಲಿ ಇಟೇನಿಯಂ ಅಂತ ಹೊಸ ಪ್ರೊಸೆಸರ್ ತಂದು ಹಳೆ ಪಟ್ಟಿಯಿಂದಲೇ ದೂರ ಸರಿಯಲು ನೋಡಿತ್ತು. ಹಳೆ ಪ್ರೋಗ್ರಾಮುಗಳು ಅದರಲ್ಲಿ ತೆವಳುತ್ತಿದ್ದವು. ಎಎಂಡಿ 2003ರಲ್ಲಿ ಹಳೆ ಪಟ್ಟಿಯನ್ನು ಹಾಗೇ ಇಟ್ಟುಕೊಂಡು ಅದಕ್ಕೇ 64 ಬಿಟ್ ಜೋಡಿಸಿತು. ಜನ ಅದನ್ನೇ ಕೊಂಡರು. ಮರುವರ್ಷ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಪ್ರೊಸೆಸರ್ ತಯಾರಿಸುವ ಅಷ್ಟು ದೊಡ್ಡ ಕಂಪನಿಗೇ ಗಿರಾಕಿಯ ಹಳೆ ಸಾಫ್ಟ್‌ವೇರ್ ದಾಟಿ ಹೋಗಲು ಆಗಲಿಲ್ಲ.

ಹಾಗಂತ ಎಕ್ಸ್86ನಲ್ಲಿ ಎಲ್ಲಾ ಹಳೆಯದೂ ಓಡುತ್ತದೆ ಅಂತ ತಿಳಿಯಬೇಡಿ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂ ಓಡುತ್ತದೆ, 16 ಬಿಟ್‌ನದು ಓಡೋದಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಡಾಸ್ ಕಾಲದ ಲೆಕ್ಕಪತ್ರದ ಪ್ರೋಗ್ರಾಂ ಇಟ್ಟುಕೊಂಡಿರುವ ಕೆಲವು ಪತ್ತಿನ ಸಂಘಗಳಿಗೆ ಪೆಟ್ಟು ಬೀಳುವುದು ಇಲ್ಲೇ. ನಿಮ್ಮ ಪೇಜ್‌ಮೇಕರ್ 32 ಬಿಟ್‌ನದು, ಹಾಗಾಗಿ ನೀವು ಬಚಾವ್. ವಿಂಡೋಸ್ 11ರಲ್ಲಿ ಅದು ಬಹಳ ಕಡೆ ಓಡುತ್ತಿದೆ. ಆದರೆ ಅಡೋಬಿ ಅದನ್ನು ಕೈಬಿಟ್ಟು ಎಷ್ಟೋ ವರ್ಷ ಆಯಿತು. ಸೀಸನ್ ನಡುವೆ ಕೈ ಕೊಟ್ಟರೆ ಕೇಳೋಕೆ ಯಾರೂ ಇಲ್ಲ. ಇದಕ್ಕೆ ಒಂದು ಉಪಾಯ ಇದೆ, ಮುಂದೆ ಹೇಳುತ್ತೇನೆ.

ಈಗ ಸ್ನಾಪ್‌ಡ್ರಾಗನ್. ‘ಇದೂ ವಿಂಡೋಸೇ’ ಅಂದ ಅಂಗಡಿಯವರು ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ ಅಷ್ಟೇ. 2012ರಲ್ಲಿ ಮೈಕ್ರೋಸಾಫ್ಟ್ ಆರ್ಮ್‌ಗೆ ಅಂತ ವಿಂಡೋಸ್ ಆರ್‌ಟಿ ತಂದಿತ್ತು. ಅದರಲ್ಲಿ ನಮ್ಮ ಹಳೆ ಪ್ರೋಗ್ರಾಮುಗಳು ಒಂದೂ ಓಡುತ್ತಿರಲಿಲ್ಲ. ಅದು ಬೇಗ ಮೂಲೆಗೆ ಬಿತ್ತು. ಆಮೇಲೆ ಕಂಪನಿ ಪಾಠ ಕಲಿಯಿತು. ಎಕ್ಸ್86 ಆದೇಶಗಳನ್ನು ಓಡುತ್ತಿರುವಾಗಲೇ ಆರ್ಮ್ ಆದೇಶಗಳಾಗಿ ಮಾರ್ಪಡಿಸುವ ವ್ಯವಸ್ಥೆಯನ್ನು ವಿಂಡೋಸ್ ಒಳಗೇ ಇಟ್ಟಿತು. ಮೊದಲು 32 ಬಿಟ್ ಪ್ರೋಗ್ರಾಮುಗಳಿಗೆ ಮಾತ್ರ ಇತ್ತು, ವಿಂಡೋಸ್ 11ರಲ್ಲಿ 64 ಬಿಟ್‌ನವೂ ಸೇರಿದವು. 2024ರಲ್ಲಿ ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್ಪಿನ ಲ್ಯಾಪ್‌ಟಾಪುಗಳ ಜೊತೆ ಪ್ರಿಸಂ ಅನ್ನುವ ಇನ್ನೂ ಚುರುಕಾದ ವ್ಯವಸ್ಥೆ ಬಂತು. ಬ್ರೌಸರ್, ಆಫೀಸ್, ವಿಡಿಯೊ ನೋಡುವುದು, ಇಷ್ಟೇ ಕೆಲಸ ಇರುವವರಿಗೆ ಯಾವ ಚಿಪ್ ಅಂತ ಗೊತ್ತೇ ಆಗೋದಿಲ್ಲ.

ಗೊತ್ತಾಗುವುದು ನಿಮ್ಮಂಥವರಿಗೆ. ಯಾಕೆಂದರೆ ಈ ಮಾರ್ಪಾಡು ಸಿಗುವುದು ಮೇಲೆ ಓಡುವ ಸಾದಾ ಪ್ರೋಗ್ರಾಮುಗಳಿಗೆ ಮಾತ್ರ. ವಿಂಡೋಸ್‌ನ ಒಡಲಿಗೇ ಹೋಗಿ ಕೂತು ಪ್ರಿಂಟರಿನಂಥ ಸಾಮಾನನ್ನು ನಡೆಸುವ ಡ್ರೈವರುಗಳಿಗೆ ಸಿಗೋದಿಲ್ಲ. ಅವು ಆರ್ಮ್‌ಗಾಗಿಯೇ ಕಟ್ಟಿದವು ಆಗಿರಬೇಕು. ಈಗ ನಿಮ್ಮ ಕ್ಯಾನನ್ 2900 ತಗೊಳ್ಳಿ. ಅದು ಗಟ್ಟಿ ಪ್ರಿಂಟರ್, ಎಷ್ಟೋ ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿದೆ. ಆದರೆ ಅದಕ್ಕೆ ಸ್ವಂತ ಬುದ್ಧಿ ಕಡಿಮೆ. ಪುಟದ ಚಿತ್ರವನ್ನೆಲ್ಲ ಕಂಪ್ಯೂಟರೇ ತಯಾರಿಸಿ ಅದರ ಖಾಸಗಿ ಭಾಷೆಯಲ್ಲಿ ಕಳಿಸಬೇಕು. ಆ ಕೆಲಸ ಡ್ರೈವರಿನದು. ಡ್ರೈವರ್ ಇಲ್ಲ ಅಂದರೆ ಪ್ರಿಂಟರ್ ಬರೀ ಡಬ್ಬ. ಎಚ್‌ಪಿ 1020 ಕೂಡ ಇದೇ ಜಾತಿ. ಅದಂತೂ ಆನ್ ಮಾಡಿದಾಗಲೆಲ್ಲ ತನ್ನೊಳಗೆ ಓಡಬೇಕಾದ ಪ್ರೋಗ್ರಾಮನ್ನೂ (ಫರ್ಮ್‌ವೇರ್) ಕಂಪ್ಯೂಟರಿನಿಂದಲೇ ಎಳೆದುಕೊಳ್ಳುತ್ತದೆ. ಇಂಥ ಹಳೆ ಮಾಡೆಲುಗಳಿಗೆ ಕಂಪನಿಗಳು ಕೂತು ಆರ್ಮ್ ಡ್ರೈವರ್ ಬರೆದುಕೊಡುತ್ತವೆ ಅಂತ ನಂಬಿ ಹಣ ಹಾಕಬೇಡಿ.

ಡ್ರೈವರಿಗಿಂತ ದೊಡ್ಡ ತಲೆನೋವು ಕನ್ನಡ ಟೈಪಿಂಗಿನದು. ಇದನ್ನು ಅಂಗಡಿಯಲ್ಲಿ ಯಾರೂ ಹೇಳೋದಿಲ್ಲ. ನುಡಿ, ಬರಹದಂಥ ತಂತ್ರಾಂಶ ತಾನೊಂದೇ ಓಡಿದರೆ ಸಾಲದು. ನೀವು ಒತ್ತಿದ ಕೀಲಿಯನ್ನು ಹಿಡಿದು, ಅದನ್ನು ಅಕ್ಷರ ಮಾಡಿ, ಇನ್ನೊಂದು ಪ್ರೋಗ್ರಾಮಿನೊಳಗೆ ತುಂಬಬೇಕು. ಆ ಇನ್ನೊಂದು ಪ್ರೋಗ್ರಾಂ ಆರ್ಮ್‌ನದಾಗಿದ್ದು ಇದು ಎಕ್ಸ್86ನದಾಗಿದ್ದರೆ ಇಬ್ಬರಿಗೂ ಹೊಂದಾಣಿಕೆ ಆಗುತ್ತದೆ ಅನ್ನುವ ಖಾತರಿ ಇಲ್ಲ. ಭಾಷೆಯ ಇನ್‌ಪುಟ್ ತಂತ್ರಾಂಶಗಳು ಆರ್ಮ್‌ಗಾಗಿ ಕಟ್ಟಿರದಿದ್ದರೆ ತೊಂದರೆ ಕೊಡಬಹುದು ಅಂತ ಮೈಕ್ರೋಸಾಫ್ಟೇ ಹೇಳಿಕೊಂಡಿದೆ. ನೀವು ನುಡಿಯಲ್ಲಿರುವ ಕೆಪಿ ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಕಣ್ಣು ಮುಚ್ಚಿ ಟೈಪ್ ಮಾಡುವವರು. ವಿಂಡೋಸ್ ಜೊತೆ ಮೊದಲಿಂದ ಬರುವ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಳಸಿ ಅಂದರೆ ಹುಡುಗರು ಕಲಿತಾರು, ನಿಮಗೆ ಬೆರಳು ಮುರಿದ ಹಾಗಾಗುತ್ತದೆ. ಇನ್ನು ಶ್ರೀಲಿಪಿಯಂತೆ ಯುಎಸ್‌ಬಿ ಲಾಕ್ ಹಾಕಿದರೆ ಮಾತ್ರ ತೆರೆಯುವ ಸಾಫ್ಟ್‌ವೇರ್ ಇದ್ದರೆ ಆ ಲಾಕಿಗೂ ಡ್ರೈವರ್ ಬೇಕು. ಡಿಜಿಟಲ್ ಸಹಿಯ ಟೋಕನ್ನಿಗೂ ಇದೇ ಪ್ರಶ್ನೆ ಕೇಳಬೇಕು.

ಫಾಂಟುಗಳಿಗೆ ಮಾತ್ರ ಈ ಗೋಳಿಲ್ಲ. ಫಾಂಟ್ ಅನ್ನೋದು ಬರೀ ಮಾಹಿತಿಯ ಫೈಲು, ಆದೇಶಗಳ ಸಾಲಲ್ಲ. ಯಾವ ಪ್ರೊಸೆಸರ್, ಯಾವ ವ್ಯವಸ್ಥೆ ಇದ್ದರೂ ತೆರೆದುಕೊಳ್ಳುತ್ತದೆ. ಹಳೆ ನುಡಿ ಫಾಂಟಿನ ಕಡತ ಬೇರೆ ಕಡೆ ಕಗ್ಗದಂತೆ ಕಂಡರೆ ಅದು ಪ್ರೊಸೆಸರಿನ ತಪ್ಪಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿವೆ. ಫಾಂಟ್ ಹಾಕಿದರೆ ಕನ್ನಡ, ಇಲ್ಲದಿದ್ದರೆ ಕಗ್ಗ. ಪೇಜ್‌ಮೇಕರ್‌ಗೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದೇ ಪ್ರತ್ಯೇಕ ಸಂಖ್ಯೆ ಕೊಡುವ ಪದ್ಧತಿ) ಗೊತ್ತಿಲ್ಲದ ಕಾರಣ ನಿಮಗೆ ಬೇರೆ ದಾರಿ ಇರಲಿಲ್ಲ.

ಅಳಿಯಂದಿರ ಮಾತಿಗೆ ಬರೋಣ. ಅವರು ಹೇಳಿದ್ದು 2006ರಿಂದ 2020ರವರೆಗೆ ಸರಿಯಾಗಿತ್ತು. ಆ ಕಾಲದ ಮ್ಯಾಕುಗಳಲ್ಲಿ ಇಂಟೆಲ್ ಇತ್ತು, ಬೂಟ್ ಕ್ಯಾಂಪ್ ಅನ್ನುವ ಸೌಲಭ್ಯದಿಂದ ವಿಂಡೋಸನ್ನು ನೇರವಾಗಿಯೇ ಹಾಕಿಕೊಳ್ಳಬಹುದಿತ್ತು. 2020ರ ನವೆಂಬರ್‌ನಲ್ಲಿ ಎಂ1 ಚಿಪ್ ಬಂದ ಮೇಲೆ ಅದು ಹೋಯಿತು. ಎಂ1, ಎಂ2, ಎಂ3, ಎಂ4 ಎಲ್ಲವೂ ಆರ್ಮ್ ಕುಲದವು, ಅವುಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ. ಪ್ಯಾರಲಲ್ಸ್ ಅನ್ನುವ ಸಾಫ್ಟ್‌ವೇರ್ ಕೊಂಡು ಅದರೊಳಗೆ ವಿಂಡೋಸ್ 11 ಓಡಿಸಬಹುದು. ಆದರೆ ಅದು ಆರ್ಮ್ ವಿಂಡೋಸ್. ಸ್ನಾಪ್‌ಡ್ರಾಗನ್‌ನ ಎಲ್ಲ ತಕರಾರುಗಳೂ ಅಲ್ಲಿ ಮತ್ತೆ ಬರುತ್ತವೆ, ಮೇಲೆ ಪ್ಯಾರಲಲ್ಸ್‌ನ ಖರ್ಚು ಬೇರೆ.

ಆ್ಯಪಲ್‌ನ ರೊಸೆಟ್ಟಾ ಬಗ್ಗೆಯೂ ಒಂದು ಮಾತು. ಇಂಟೆಲ್ ಮ್ಯಾಕಿಗೆ ಬರೆದ ಪ್ರೋಗ್ರಾಮುಗಳನ್ನು ಎಂ ಚಿಪ್ಪಿನಲ್ಲಿ ಓಡಿಸುವ ವ್ಯವಸ್ಥೆ ಅದು. ಕೆಲಸ ಬಹಳ ಚೆನ್ನಾಗಿ ಮಾಡುತ್ತದೆ. ಮೆಮೊರಿಯನ್ನು ಇಂಟೆಲ್ ಓದಿಬರೆಯುವ ಕ್ರಮವನ್ನೇ ಅನುಸರಿಸುವ ಒಂದು ವಿಶೇಷ ಏರ್ಪಾಟನ್ನು ಆ್ಯಪಲ್ ಚಿಪ್ಪಿನೊಳಗೇ ಮಾಡಿದೆ. ಆದರೆ ಅದು ಮ್ಯಾಕ್ ಪ್ರೋಗ್ರಾಮುಗಳಿಗೆ, ವಿಂಡೋಸ್‌ನವಕ್ಕಲ್ಲ. ಮತ್ತೆ ಅದೂ ಶಾಶ್ವತ ಅಲ್ಲ. ಮ್ಯಾಕ್‌ಓಎಸ್ 27ರ ನಂತರ ರೊಸೆಟ್ಟಾವನ್ನು ಕೆಲವು ಹಳೆ ಆಟಗಳಿಗಷ್ಟೇ ಉಳಿಸಿಕೊಳ್ಳುವುದಾಗಿ ಆ್ಯಪಲ್ 2025ರಲ್ಲಿ ಹೇಳಿದೆ. ಈ ಕಂಪನಿ 1994ರಲ್ಲಿ ಒಮ್ಮೆ, 2006ರಲ್ಲಿ ಒಮ್ಮೆ, 2020ರಲ್ಲಿ ಒಮ್ಮೆ ಪ್ರೊಸೆಸರ್ ಕುಲ ಬದಲಿಸಿದೆ. ಮೊದಲಿನ ಎರಡೂ ಸಲ ಕೆಲವು ವರ್ಷ ಹಳೆಯದನ್ನು ಓಡಿಸಿಕೊಟ್ಟು ಆಮೇಲೆ ಬಾಗಿಲು ಹಾಕಿದೆ, ಈ ಸಲವೂ ಅದೇ ದಾರಿ. ಹೊಸ ಸಾಫ್ಟ್‌ವೇರ್ ಕೊಳ್ಳುತ್ತಲೇ ಇರುವವರಿಗೆ ಅದು ನಡೆಯುತ್ತದೆ. ಪೇಜ್‌ಮೇಕರ್ ಬಿಡದವರಿಗೆ ನಡೆಯೋದಿಲ್ಲ.

ಮಗಳ ಲಿನಕ್ಸ್ ವಿಚಾರ. ‘ಲಿನಕ್ಸ್ ಎಲ್ಲಾ ಪ್ರೊಸೆಸರಿನಲ್ಲೂ ಓಡುತ್ತದೆ’ ಅನ್ನುವುದು ನಿಜವೇ. ಮೊಬೈಲಿನಲ್ಲಿರುವ ಆಂಡ್ರಾಯ್ಡಿನ ಬುಡದಲ್ಲೂ ಲಿನಕ್ಸ್ ಇದೆ. ಆದರೆ ಓಡುವುದು ಬೇರೆ, ಪೆನ್ ಡ್ರೈವ್ ಹಾಕಿ ಅರ್ಧ ತಾಸಿನಲ್ಲಿ ಇನ್‌ಸ್ಟಾಲ್ ಆಗುವುದು ಬೇರೆ. ಎಕ್ಸ್86 ಲ್ಯಾಪ್‌ಟಾಪ್ ಆನ್ ಆದಾಗ ತನ್ನಲ್ಲಿ ಏನೇನು ಯಂತ್ರಾಂಶ ಇದೆ ಅಂತ ತಾನೇ ಲಿನಕ್ಸಿಗೆ ಹೇಳುತ್ತದೆ. ಹಾಗಾಗಿ ಉಬುಂಟು ಅನ್ನುವ ಲಿನಕ್ಸಿನ ಒಂದೇ ಪೆನ್ ಡ್ರೈವ್ ಡೆಲ್, ಲೆನೊವೊ, ಏಸರ್ ಎಲ್ಲದಕ್ಕೂ ಆಗುತ್ತದೆ. ಆರ್ಮ್ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸಿಗೆ ಪ್ರತಿ ಮಾಡೆಲಿನ ವಿವರವನ್ನೂ ಯಾರಾದರೂ ಬರೆದುಕೊಟ್ಟಿರಬೇಕು. ಸ್ನಾಪ್‌ಡ್ರಾಗನ್ ಎಕ್ಸ್‌ಗೆ ಆ ಕೆಲಸ ನಡೆಯುತ್ತಿದೆ, ಕೆಲವು ಮಾಡೆಲುಗಳಲ್ಲಿ ಲಿನಕ್ಸ್ ಏಳುತ್ತದೆ. ಏಳುವುದಕ್ಕೂ ಸೌಂಡು, ಕ್ಯಾಮೆರಾ, ಸ್ಲೀಪ್ ಎಲ್ಲ ಸರಿಯಾಗಿ ನಡೆಯುವುದಕ್ಕೂ ಅಂತರ ಇದೆ. ಮ್ಯಾಕಿನಲ್ಲಿ ಅಸಾಹಿ ಅನ್ನುವ ತಂಡ ಎಂ1, ಎಂ2ಗೆ ಅದ್ಭುತ ಕೆಲಸ ಮಾಡಿದೆ, ಆದರೆ ಹೊಸ ಚಿಪ್ಪುಗಳು ಇನ್ನೂ ಆ ಮಟ್ಟಕ್ಕೆ ಬಂದಿಲ್ಲ.

ಮಗಳು ಎಲೆಕ್ಟ್ರಾನಿಕ್ಸ್ ಅಂದಿರಲ್ಲ, ಇನ್ನೊಂದು ಕಾರಣವೂ ಸಿಕ್ಕಿತು. ಚಿಪ್ ವಿನ್ಯಾಸದ ಲ್ಯಾಬಿನಲ್ಲಿ ಬಳಸುವ ವಿವಾಡೊ ಸಾಫ್ಟ್‌ವೇರ್ ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ಇದೆ, ಎರಡೂ ಎಕ್ಸ್86ಗೆ. ಕಂಪ್ಯೂಟರ್ ಸೈನ್ಸ್ ಓದುವವಳಾಗಿದ್ದರೆ ಆರ್ಮ್‌ನಲ್ಲೂ ಹೇಗೋ ನಡೆಯುತ್ತಿತ್ತು. ಪೈಥಾನ್, ಜಾವಾಕ್ಕೆ ಪ್ರೊಸೆಸರಿನ ಹಂಗು ಕಡಿಮೆ.

ಇಂಟೆಲ್ ಅಥವಾ ಎಎಂಡಿ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇಡುವಾಗ ಕೆಲವು ಕಡೆ ಜನ ಎಡವುತ್ತಾರೆ. ಮೊದಲನೆಯದು ಬಿಟ್‌ಲಾಕರ್. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿದ ಕೂಡಲೇ ಡಿಸ್ಕ್ ತನ್ನಷ್ಟಕ್ಕೆ ಬೀಗ ಹಾಕಿಕೊಂಡಿರಬಹುದು. ಲಿನಕ್ಸ್ ಹಾಕಲು ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗಿನ ಮೂಲ ಸೆಟ್ಟಿಂಗು) ಮುಟ್ಟಿದ ಮೇಲೆ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಕೈಯಲ್ಲಿ ಇಲ್ಲದಿದ್ದರೆ ಡಿಸ್ಕಿನಲ್ಲಿದ್ದ ಲಗ್ನಪತ್ರಿಕೆಗಳೆಲ್ಲ ಹೋದವು ಅಂತಲೇ ಲೆಕ್ಕ. ಆ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಎರಡನೆಯದು ಇಂಟೆಲ್‌ನಲ್ಲಿ ಮಾತ್ರ ಬರುವ ತೊಡಕು. 11ನೇ ತಲೆಮಾರಿನಿಂದ ಈಚೆಯ ಹಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ನೋಡಿಕೊಳ್ಳುವ ವಿಎಂಡಿ ಅನ್ನುವ ವ್ಯವಸ್ಥೆ ಆನ್ ಇರುತ್ತದೆ. ಆಗ ಇನ್‌ಸ್ಟಾಲ್ ಮಾಡಲು ಹೊರಟರೆ ‘ಡಿಸ್ಕೇ ಇಲ್ಲ’ ಅನ್ನುತ್ತದೆ. ಲಿನಕ್ಸಿಗಿಂತ ಹೆಚ್ಚಾಗಿ ವಿಂಡೋಸಿನ ಹೊಸ ಇನ್‌ಸ್ಟಾಲ್‌ಗೇ ಇದು ಅಡ್ಡ ಬರುತ್ತದೆ. ಡಿಸ್ಕ್ ಸುಟ್ಟಿದೆ ಅಂತ ಬದಲಾಯಿಸಿಕೊಂಡು ಬಂದವರೂ ಇದ್ದಾರೆ. ಬಯೋಸ್‌ನಲ್ಲಿ ಅದನ್ನು ಆಫ್ ಮಾಡಬಹುದು. ಆದರೆ ವಿಂಡೋಸ್ ಈಗಾಗಲೇ ಇದ್ದರೆ ಸುಮ್ನೆ ಆಫ್ ಮಾಡಬೇಡಿ, ಅದು ಮತ್ತೆ ಏಳೋದಿಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡಿಗೆ ಹಾಕಿ, ಆಮೇಲೆ ಬದಲಿಸಬೇಕು. ಎಎಂಡಿಯಲ್ಲಿ ಈ ಗೊಡವೆ ಇಲ್ಲ. ಅಲ್ಲಿ ಬದಲಿಗೆ ವೈಫೈ ಚಿಪ್ ನೋಡಿಕೊಳ್ಳಿ. ಇಂಟೆಲ್‌ನ ವೈಫೈ ಚಿಪ್ಪುಗಳು ಲಿನಕ್ಸಿನಲ್ಲಿ ಸಾಮಾನ್ಯವಾಗಿ ತಕರಾರು ಮಾಡೋದಿಲ್ಲ. ಎಎಂಡಿ ಲ್ಯಾಪ್‌ಟಾಪುಗಳಲ್ಲಿ ಬರುವ ಕೆಲವು ರಿಯಲ್‌ಟೆಕ್, ಮೀಡಿಯಾಟೆಕ್ ಚಿಪ್ಪುಗಳು ಮಾಡುತ್ತವೆ.

ಗಡಿಯಾರದ್ದು ಸಣ್ಣ ಕಿರಿಕಿರಿ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಗ್ರೀನಿಚ್ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಮಗಳು ಲಿನಕ್ಸ್ ಬಳಸಿ ಬಿಟ್ಟ ಮೇಲೆ ನೀವು ವಿಂಡೋಸ್ ತೆರೆದರೆ ಐದೂವರೆ ತಾಸು ಹಿಂದೆ ತೋರಿಸುತ್ತದೆ. ಲಿನಕ್ಸಿನಲ್ಲಿ ಸ್ಥಳೀಯ ಸಮಯ ಬಳಸು ಅಂತ ಒಂದು ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು.

ಅಂದ ಹಾಗೆ, ವಿಂಡೋಸನ್ನು ಪೂರ್ತಿ ಬಿಟ್ಟು ಲಿನಕ್ಸಿಗೇ ಹೋಗುವ ಯೋಚನೆ ನಿಮ್ಮ ಅಂಗಡಿಗೆ ಈಗಲೇ ಬೇಡ. ವೈನ್ ಅನ್ನುವ ಸಾಧನದಿಂದ ಕೆಲವು ವಿಂಡೋಸ್ ಪ್ರೋಗ್ರಾಮುಗಳನ್ನು ಲಿನಕ್ಸಿನಲ್ಲಿ ಓಡಿಸಬಹುದು. ಅದು ಪ್ರೊಸೆಸರನ್ನು ಬದಲಿಸೋದಿಲ್ಲ, ವಿಂಡೋಸ್‌ಗೆ ಹೋಗುವ ಕೋರಿಕೆಗಳನ್ನು ಲಿನಕ್ಸಿಗೆ ದಾಟಿಸುತ್ತದೆ ಅಷ್ಟೇ. ಹಾಗಾಗಿ ಅಲ್ಲೂ ಎಕ್ಸ್86 ಇದ್ದರೇ ಸಲೀಸು. ಕನ್ನಡ ಟೈಪಿಂಗಿಗೆ ಲಿನಕ್ಸಿನಲ್ಲಿ ತೊಂದರೆ ಇಲ್ಲ, ನಿಮ್ಮ ಕೆಪಿ ರಾವ್ ವಿನ್ಯಾಸವೇ ಕೆಜಿಪಿ ಅನ್ನುವ ಹೆಸರಿನಲ್ಲಿ ಐಬಸ್ ಅನ್ನುವ ಟೈಪಿಂಗ್ ವ್ಯವಸ್ಥೆಯಲ್ಲಿ ಸಿಗುತ್ತದೆ, ಯೂನಿಕೋಡ್‌ನಲ್ಲಿ. ನಿಮ್ಮ 2900 ಪ್ರಿಂಟರಿಗೆ ಕ್ಯಾನನ್ ಕೊಟ್ಟಿರುವ ಲಿನಕ್ಸ್ ಡ್ರೈವರ್ ಕೂಡ ಎಕ್ಸ್86ಗೇ. ಲಿಬ್ರೆ ಆಫೀಸಿನ ಡ್ರಾ ನಿಮ್ಮ ಪೇಜ್‌ಮೇಕರ್ ಫೈಲನ್ನು ತೆರೆಯುತ್ತದೆ. ಆದರೆ ಸಾಲು ಸರಿದಿರುತ್ತವೆ, ಬಾರ್ಡರ್ ಎಲ್ಲೋ ಹೋಗಿರುತ್ತದೆ. ಹಳೆ ಪತ್ರಿಕೆಯ ಮಾತನ್ನು ಎತ್ತಿಕೊಳ್ಳಲು ಸಾಕು, ಅದನ್ನೇ ಮುದ್ರಣದ ಪ್ಲೇಟಿಗೆ ಕಳಿಸಲು ಸಾಲದು.

ನನ್ನ ಉಪಾಯ ಇದು. ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇರಲಿ. ಅದರೊಳಗೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ನಡೆಸುವ ಸಾಫ್ಟ್‌ವೇರ್) ಹಾಕಿ, ಆ ಪೆಟ್ಟಿಗೆಯೊಳಗೆ ನಿಮ್ಮ ಲೈಸೆನ್ಸಿನ ವಿಂಡೋಸ್ 7, ಪೇಜ್‌ಮೇಕರ್, ಹಳೆ ನುಡಿ ಎಲ್ಲವನ್ನೂ ಇಡಿ. ವಿಂಡೋಸ್ 7ಕ್ಕೆ 2020ರಲ್ಲೇ ಭದ್ರತಾ ಅಪ್‌ಡೇಟ್ ನಿಂತಿವೆ. ಹಾಗಾಗಿ ಪೆಟ್ಟಿಗೆಗೆ ಇಂಟರ್ನೆಟ್ ಕೊಡಲೇಬೇಡಿ. ಒಳಗೆ ಪುಟ ಮಾಡಿ, ಪಿಡಿಎಫ್ ತೆಗೆದು, ಎರಡೂ ಕಡೆ ಕಾಣುವ ಒಂದು ಫೋಲ್ಡರಿಗೆ ಹಾಕಿ. ಪ್ರಿಂಟನ್ನು ಹೊರಗಿನ ವಿಂಡೋಸ್ 11ರಿಂದ ಕೊಡಿ. ಇಡೀ ಪೆಟ್ಟಿಗೆ ಒಂದು ಫೋಲ್ಡರಿನಲ್ಲಿ ಕೂರುವುದರಿಂದ ಅದನ್ನು ಹಾಗೇ ಹೊರಗಿನ ಡಿಸ್ಕಿಗೆ ನಕಲು ಮಾಡಿ ಇಟ್ಟುಕೊಳ್ಳಬಹುದು. ನಾಳೆ ಲ್ಯಾಪ್‌ಟಾಪ್ ಬದಲಿಸಿದರೂ, ಲಿನಕ್ಸಿಗೇ ಹೋದರೂ ಅಲ್ಲಿ ಅದೇ ಪೆಟ್ಟಿಗೆ ತೆರೆಯುತ್ತದೆ. ಷರತ್ತು ಒಂದೇ, ಹೊಸ ಪ್ರೊಸೆಸರೂ ಎಕ್ಸ್86 ಆಗಿರಬೇಕು. ಇದಕ್ಕೆ ಬಯೋಸ್‌ನಲ್ಲಿ ಒಂದು ಸ್ವಿಚ್ ಆನ್ ಇರಬೇಕು. ಇಂಟೆಲ್‌ನಲ್ಲಿ ಅದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ. ರ್‍ಯಾಮ್ 16 ಜಿಬಿ ಇದ್ದರೆ ಆರಾಮ. 8ರಲ್ಲಿ ಏದುಸಿರು ಬಿಡುತ್ತದೆ.

ಈ ನಡುವೆ ಹೊಸದಾಗಿ ಬರುವ ಕೆಲಸವನ್ನಾದರೂ ಯೂನಿಕೋಡ್‌ನಲ್ಲಿ ಮಾಡಲು ಶುರು ಮಾಡಿ. ಮುದ್ರಣ ಕಾಶಿ ಅನ್ನಿಸಿಕೊಂಡ ಊರು ನಿಮ್ಮದು. ಅಚ್ಚುಮೊಳೆ ಬಿಟ್ಟು ಆಫ್‌ಸೆಟ್‌ಗೆ ಬಂದವರಿಗೆ ಇದು ಅಂಥ ದೊಡ್ಡ ದಾಟೇನಲ್ಲ.

ಸೆಕೆಂಡ್ ಹ್ಯಾಂಡ್ ನೋಡುವುದಿದ್ದರೆ ಒಂದು ಎಚ್ಚರಿಕೆ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆ ಸುತ್ತಮುತ್ತ ಕೇಳಿದರೂ, ಆನ್‌ಲೈನ್ ನೋಡಿದರೂ ರಿಫರ್ಬಿಶ್ ಮಾಡಿದ ಇಂಟೆಲ್ ಐ5 ಲ್ಯಾಪ್‌ಟಾಪುಗಳು ಅಗ್ಗಕ್ಕೆ ಸಿಗುತ್ತವೆ. ಐ5 ಅನ್ನುವುದಷ್ಟನ್ನೇ ನೋಡಬೇಡಿ, ಅದರ ಮುಂದಿನ ಅಂಕಿ ನೋಡಿ. ಐ5-6200ಯು ಅಂದರೆ 6ನೇ ತಲೆಮಾರು. ಐ5-8250ಯು ಅಂದರೆ 8ನೆಯದು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಹೆಚ್ಚುಕಡಿಮೆ 8ರಿಂದ ಮೇಲಿನವನ್ನು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ 6 ಅಥವಾ 7ನೇ ತಲೆಮಾರಿನದಕ್ಕೆ ವಿಂಡೋಸ್ 11 ಹಾಕಿಕೊಟ್ಟರೂ ಅದು ಹಿಂಬಾಗಿಲಿನಿಂದ ಹಾಕಿದ್ದು, ಅಪ್‌ಡೇಟ್ ಯಾವಾಗ ನಿಲ್ಲುತ್ತದೆ ಅಂತ ಹೇಳಲಾಗದು. ಎಎಂಡಿ ಲ್ಯಾಪ್‌ಟಾಪಿನಲ್ಲಿ ರೈಜನ್ 3000ದಿಂದ ಮೇಲೆ ನೋಡಿ. ಅಲ್ಲೂ ಒಂದು ಚಮತ್ಕಾರ ಇದೆ. ರೈಜನ್ 5 7520ಯು ಅನ್ನುವುದು 7 ಅಂತ ಶುರುವಾದರೂ ಒಳಗಿನ ವಿನ್ಯಾಸ ಹಳೆ ಜೆನ್ 2. ಸಾಫ್ಟ್‌ವೇರ್ ಎಲ್ಲಾ ಓಡುತ್ತದೆ, ವೇಗ ಮಾತ್ರ ಹೆಸರಿಗೆ ತಕ್ಕ ಹಾಗಿರೋದಿಲ್ಲ. ಬಿಲ್ಲಿನ ಮೇಲೆ ಪ್ರೊಸೆಸರಿನ ಪೂರ್ತಿ ಹೆಸರು ಬರೆಸಿಕೊಳ್ಳಿ.

ಹಳೆ ಕಂಪ್ಯೂಟರನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ, ಅದರಿಂದ ಸಿಗುವ ದುಡ್ಡು ಅಷ್ಟಕ್ಕಷ್ಟೇ. ಕನಿಷ್ಠ ಈ ಮದುವೆ ಸೀಸನ್ ಮುಗಿಯುವವರೆಗೆ, ನೆಟ್ ತೆಗೆದು, ಪ್ರಿಂಟರ್ ಜೋಡಿಸಿ ಪಕ್ಕಕ್ಕೆ ಇಟ್ಟುಕೊಳ್ಳಿ. ಹೊಸದರ ಪೆಟ್ಟಿಗೆಯಲ್ಲಿ ಒಂದು ಲಗ್ನಪತ್ರಿಕೆಯನ್ನು ಶುರುವಿನಿಂದ ಪ್ಲೇಟಿನವರೆಗೆ ಪೂರ್ತಿ ಮಾಡಿ ನೋಡಿ. ಒತ್ತಕ್ಷರ ಎಲ್ಲೂ ಕೂಡಿಲ್ಲ, ಹರಿದಿಲ್ಲ ಅಂತ ಖಾತ್ರಿಯಾದ ಮೇಲೆ ಹಳೆಯದನ್ನು ಏನು ಮಾಡಬೇಕು ಅಂತ ಯೋಚಿಸಬಹುದು. ಅದರ ಪ್ರೊಸೆಸರ್ 64 ಬಿಟ್‌ನದಾಗಿದ್ದರೆ ಮಗಳು ಅದರಲ್ಲಿ ಲಿನಕ್ಸ್ ಹಾಕಿ ಕಲಿಯಬಹುದು. ಬರೀ 32 ಬಿಟ್ ಆಗಿದ್ದರೆ ಉಬುಂಟು 2017ರಲ್ಲೇ ಅಂಥವನ್ನು ಬಿಟ್ಟಿದೆ, 2025ರಲ್ಲಿ ಬಂದ ಡೆಬಿಯನ್ 13 ಅನ್ನುವ ಇನ್ನೊಂದು ಲಿನಕ್ಸ್ ಕೂಡ ಅವಕ್ಕೆ ಇನ್‌ಸ್ಟಾಲರ್ ಕೊಟ್ಟಿಲ್ಲ. ಆಗ ಅದನ್ನು ಪೇಜ್‌ಮೇಕರ್‌ಗೇ ಬಿಟ್ಟುಬಿಡಿ.